ಪೋಲಿಯೋ ಬಂದು ಐವತ್ತು ವರ್ಷದ ಮೇಲೆ ಮತ್ತೆ ಕೋಲು ಹಿಡೀಬೇಕಂತೆ, ಮನಸ್ಸು ಒಪ್ತಿಲ್ಲ

ಸಂಕದಾಚೆ | ಭಾನುವಾರ, ರಾತ್ರಿ 10:20

ನಾನು ಇಲ್ಲಿ ಅಡಿಕೆ ರೇಟು, ಕೊಳೆರೋಗದ ಔಷಧಿ ಬಿಟ್ಟು ಬೇರೆ ವಿಷಯಕ್ಕೆ ಬಾಯಿ ಹಾಕಿದವನಲ್ಲ. ಇವತ್ತು ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನನಗೀಗ 54. ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. 1973ರ ಮಳೆಗಾಲದಲ್ಲಿ, ಎರಡೂವರೆ ವರ್ಷದವನಿದ್ದಾಗ, ಮೂರು ದಿನ ಜ್ವರ ಬಂತಂತೆ. ನಾಲ್ಕನೇ ದಿನ ಅವ್ವ ಎತ್ತಿ ನಿಲ್ಲಿಸಿದರೆ ಎಡಗಾಲು ನೆನೆದ ಪಂಚೆಯ ಹಾಗೆ ಕುಸಿಯಿತಂತೆ. ಎಲ್ಲ ‘ಅಂತೆ’ಯೇ. ಎರಡೂ ಕಾಲಲ್ಲಿ ನಡೆದ ನೆನಪು ನನಗಿಲ್ಲ. ನಮ್ಮ ದೇಶದ ಲಸಿಕೆ ಕಾರ್ಯಕ್ರಮಕ್ಕೆ ಪೋಲಿಯೋ ಹನಿ ಸೇರಿದ್ದೇ 1979ರಲ್ಲಿ. ಆ ಹೊತ್ತಿಗೆ ನಾನು ಕ್ಯಾಲಿಪರ್ ಹಾಕ್ಕೊಂಡು ಮೂರನೇ ಕ್ಲಾಸಲ್ಲಿದ್ದೆ.

ಕ್ಯಾಲಿಪರ್ ಅಂದರೆ ಎರಡು ಕಬ್ಬಿಣದ ಸರಳು, ಚರ್ಮದ ಪಟ್ಟಿ, ಕಂದು ಬೂಟು, ಮೊಣಕಾಲಿನ ಹತ್ತಿರ ಒಂದು ಬೀಗ. ಕೂರುವಾಗ ಬೀಗ ಬಿಡಿಸಬೇಕು, ಏಳುವಾಗ ಬೀಳಿಸಬೇಕು. ಟಕ್ ಅನ್ನುತ್ತೆ. ಮೇಷ್ಟ್ರು ಪ್ರಶ್ನೆ ಕೇಳಿ ನನ್ನ ಕಡೆ ಬೊಟ್ಟು ಮಾಡಿದರೆ ಉತ್ತರಕ್ಕಿಂತ ಮೊದಲು ಇಡೀ ಕ್ಲಾಸಿಗೆ ಆ ಟಕ್ ಕೇಳೋದು. ಉತ್ತರ ಗೊತ್ತಿದ್ದರೂ ಗೊತ್ತಿಲ್ಲ ಅಂತ ತಲೆ ಆಡಿಸಿ ಕೂತೇ ಇದ್ದ ದಿನಗಳು ಎಷ್ಟೋ. ಆಷಾಢದ ಮಳೆಯಲ್ಲಿ ಚರ್ಮದ ಪಟ್ಟಿ ಬೂಷ್ಟು ಹಿಡಿಯೋದು, ಅವ್ವ ರಾತ್ರಿ ಬಚ್ಚಲೊಲೆ ಪಕ್ಕ ಒರಗಿಸಿಡೋಳು.

ಶಾಲೆ ದಾರಿಯಲ್ಲಿ ಒಂದು ಸಂಕ. ಎರಡು ಅಡಿಕೆ ಮರ, ಹಿಡ್ಕೊಳ್ಳೋಕೆ ಒಂದು ಬಿದಿರು, ಅಷ್ಟೇ. ಮಳೆಗಾಲ ಪೂರ್ತಿ ಅಣ್ಣ ನನ್ನನ್ನು ಬೆನ್ನ ಮೇಲೆ ಹೊತ್ತು ದಾಟಿಸೋನು. ಹತ್ತನೇ ವಯಸ್ಸಲ್ಲಿ ಒಂದು ಸಂಜೆ ಅವನು ಬರೋದು ತಡ ಆಯ್ತು. ನಾನು ಕ್ಯಾಲಿಪರ್ ಬಿಚ್ಚಿ ಕುತ್ತಿಗೆಗೆ ನೇತು ಹಾಕ್ಕೊಂಡು, ಅಂಡು ಊರಿ ಜರುಗ್ತಾ ಜರುಗ್ತಾ ದಾಟಿಬಿಟ್ಟೆ. ಮಾರನೇ ದಿನದಿಂದ ಅದನ್ನು ಹಾಕಲಿಲ್ಲ. ಅಪ್ಪಯ್ಯ ಹೊಡೆದರೂ ಹಾಕಲಿಲ್ಲ. ಅಲ್ಲಿಂದ ಎಡತೊಡೆ ಮೇಲೆ ಕೈ ಊರಿಕೊಂಡು ನಡೆಯೋದು. ನನ್ನ ಪ್ಯಾಂಟುಗಳೆಲ್ಲ ಒಂದೇ ಜಾಗದಲ್ಲಿ ಸವೆಯುತ್ತವೆ, ಮೊಣಕಾಲಿಂದ ನಾಲ್ಕು ಬೆರಳು ಮೇಲೆ, ಅಂಗೈಯಗಲ. ಟೈಲರ್ ಕೇಳದೆಯೇ ಒಳಗಿಂದ ಪಟ್ಟಿ ಕೊಡ್ತಾನೆ.

ಆಮೇಲಿನ ನಲವತ್ತು ವರ್ಷ ‘ನಂಗೇನೂ ಆಗಿಲ್ಲ’ ಅನ್ನೋದನ್ನ ತೋರಿಸೋದೇ ಆಯ್ತು. ಮಕ್ಕಳನ್ನು ಕರ್ಕೊಂಡು ಕವಲೇದುರ್ಗ ಹತ್ತಿದೆ. ಚುನಾವಣೆ ಡ್ಯೂಟಿಗೆ ವಿನಾಯಿತಿ ಇದ್ದರೂ ಒಂದು ಸಲವೂ ಕೇಳಲಿಲ್ಲ.

ಈಗ ಎರಡು ವರ್ಷದಿಂದ ಒಳ್ಳೇ ಕಾಲು, ಅಂದರೆ ಬಲಗಾಲು, ಸೋಲ್ತಾ ಇದೆ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಹಿಂಡಿ ಹಾಕಿದ ಹಾಗೆ. ಮೊದಲು ತೋರಿಸಿದ ಕಡೆ ಚಿಕ್ಕ ವಯಸ್ಸಿನ ಡಾಕ್ಟರು ‘ಪೋಲಿಯೋ ಯಾವತ್ತೋ ಹೋಯ್ತಲ್ಲ ಸಾರ್, ಇದು ವಯಸ್ಸು’ ಅಂದರು. ಎರಡನೆಯವರು ಎಲ್ಲ ಪರೀಕ್ಷೆ ಮಾಡಿಸಿ ಪೋಸ್ಟ್ ಪೋಲಿಯೋ ಸಿಂಡ್ರೋಮ್, ಅಂದರೆ ಪೋಲಿಯೋ ಬಂದು ಎಷ್ಟೋ ವರ್ಷದ ಮೇಲೆ ಸ್ನಾಯು ಮತ್ತೆ ಸೋಲೋದು, ಅಂದರು. ಮತ್ತೆ ಕ್ಯಾಲಿಪರ್ ಹಾಕ್ಬೇಕು, ಹೊರಗೆ ಹೋಗುವಾಗ ಕೋಲು ಹಿಡೀಬೇಕು. ಬಸ್‌ಸ್ಟ್ಯಾಂಡಲ್ಲಿ ಕೂತು ಅತ್ತೆ ಮಾರಾಯ್ರೇ, ಅಪ್ಪಯ್ಯ ತೀರಿಕೊಂಡಾಗಲೂ ಹಾಗೆ ಅತ್ತಿರಲಿಲ್ಲ. ಹೆಂಡತಿ ಒಂದು ಕೋಲು ತಂದಿಟ್ಟಳು, ಅದನ್ನು ಅಂಗಳಕ್ಕೆ ಎಸೆದೆ.

ಕಾಲಿನ ಬಗ್ಗೆ ನಾನು ಕೇಳ್ತಿಲ್ಲ, ಅದಕ್ಕೆ ಡಾಕ್ಟರಿದ್ದಾರೆ. ಈ ಸಿಟ್ಟು, ಈ ಅಳು ಬೇರೆಯವರಿಗೂ ಬಂದಿದೆಯಾ?

ಇನ್ನೊಂದು ಹೇಳಿಬಿಡ್ತೀನಿ. ನನಗೆ ಎಡಗಾಲಿಗೆ 5, ಬಲಗಾಲಿಗೆ 8ನೇ ನಂಬರ್. ಪ್ರತಿ ಸಲ ಎರಡು ಜೊತೆ ಸ್ಯಾಂಡಲ್ ತಗೋಬೇಕು. ಉಳಿದದ್ದನ್ನು ಎಸೆಯೋಕೆ ಆಗದೆ ಅಟ್ಟದಲ್ಲಿ ಅಡಿಕೆ ಚೀಲದಲ್ಲಿ ತುಂಬಿಟ್ಟಿದ್ದೆ. ಕೋಲು ಎಸೆದ ದಿನ ಹೆಂಡತಿ ಅದನ್ನು ಇಳಿಸಿ ಜಗಲಿ ಮೇಲೆ ಸುರಿದಳು. ಹನ್ನೊಂದು ಎಡ, ಹನ್ನೊಂದು ಬಲ. ಒಂದನ್ನೂ ಯಾರೂ ಹಾಕಿಲ್ಲ. ‘ಇದೇನು’ ಅಂದಳು. ಮದುವೆಯಾಗಿ 26 ವರ್ಷ, ನಾನು ಎರಡು ಜೊತೆ ಕೊಳ್ಳೋದು ಅವಳಿಗೆ ಗೊತ್ತಿರಲಿಲ್ಲ.

ಸಾಗರದಕ್ಕ | ಭಾನುವಾರ, ರಾತ್ರಿ 11:48

ಮೇಷ್ಟ್ರೇ, ಮಲಗೋಕೆ ಹೊರಟಿದ್ದೆ, ಓದಿ ನಿದ್ದೆ ಹೋಯ್ತು.

ನಂಗೆ 49. ಬಲಗಾಲು. ನನ್ನ ನೋಡೋಕೆ ಬಂದ ಗಂಡುಗಳ ಲೆಕ್ಕ ಆಯಿ ಇಟ್ಟಿದ್ಲು, ನಾನು ಹದಿನಾಲ್ಕಕ್ಕೆ ಬಿಟ್ಟೆ. ಅವರು ಬರೋಕೆ ಒಂದು ಗಂಟೆ ಮೊದಲೇ ನನ್ನನ್ನ ಚಾಪೆ ಮೇಲೆ ಕೂರಿಸಿ, ಸೀರೆ ನೆರಿಗೆ ಹರಡಿ, ಕಾಲು ಮುಚ್ಚಿಡ್ತಿದ್ರು. ಕಾಫಿ ತಂಗಿ ತರೋಳು. ಸುಳ್ಳು ಹೇಳ್ತಿರ್ಲಿಲ್ಲ, ಮೊದಲೇ ತಿಳಿಸಿರ್ತಿದ್ರು. ಆದ್ರೂ ಮುಚ್ಚಿಡೋದು. ಒಂದು ಸಲ ಗಂಡಿನ ಅತ್ತೆಯೋ ಯಾರೋ, ‘ಒಂದ್ಸಲ ಜಗಲಿವರೆಗೆ ನಡೆದು ಬಾ ತಂಗಿ, ನೋಡಣ’ ಅಂದ್ರು. ನಡೆದೆ. ಹೋಗಿ ಬರೋದು ಒಟ್ಟು ಹದಿನೆಂಟು ಹೆಜ್ಜೆ. ಅವತ್ತು ಎಣಿಸಿದ್ದು ಇವತ್ತಿಗೂ ಬಿಟ್ಟಿಲ್ಲ, ಯಾವ ಮನೆಗೆ ಹೋದ್ರೂ ಬಾಗಿಲಿಂದ ಕುರ್ಚಿಗೆ ಎಷ್ಟು ಹೆಜ್ಜೆ ಅಂತ ಮನಸ್ಸು ಲೆಕ್ಕ ಹಾಕಿಯೇ ಇರುತ್ತೆ.

ಮದುವೆ ಆಗ್ಲಿಲ್ಲ, ಅದರ ದುಃಖ ಈಗಿಲ್ಲ. ಬ್ಯಾಂಕ್ ಕೆಲಸ, ನನ್ನದೇ ಮನೆ. ಆದ್ರೆ ಯಾರ ಮನೆ ಮದುವೆಗೆ ಹೋದ್ರೂ ಎಲ್ಲರಿಗಿಂತ ಮೊದಲು ಹೋಗಿ ಕೂತಿರ್ತೀನಿ, ಎಲ್ಲರೂ ಎದ್ದ ಮೇಲೆ ಏಳ್ತೀನಿ. ನಾನು ನಡೆಯೋದನ್ನ ಯಾರೂ ನೋಡಬಾರ್ದು ಅಷ್ಟೇ. ನೆಂಟರೆಲ್ಲ ‘ಅವಳಿಗೆ ನಮ್ಮ ಮೇಲೆ ಎಷ್ಟು ಪ್ರೀತಿ, ಕಡೇ ತನಕ ಇರ್ತಾಳೆ’ ಅಂತಾರೆ. ಹಾಗೇ ಅಂದ್ಕೊಳ್ಳಲಿ ಬಿಡಿ.

ಹೊಸನಗರ ಹುಡುಗ | ಸೋಮವಾರ, ಬೆಳಿಗ್ಗೆ 7:15

ಸಾರ್ ನೀವು ದಿವ್ಯಾಂಗರು, ದೇವರು ನಿಮಗೆ ಬೇರೆ ಶಕ್ತಿ ಕೊಟ್ಟಿರ್ತಾನೆ. ಮಾಲತಿ ಹೊಳ್ಳ ಅವರನ್ನು ನೋಡಿ. ಮಗುವಾಗಿದ್ದಾಗ ಜ್ವರ ಬಂದು ಇಡೀ ಮೈಯೇ ಸ್ವಾಧೀನ ತಪ್ಪಿತ್ತು. ವೀಲ್‌ಚೇರಲ್ಲಿ ಕೂತು ಓಟ, ಎಸೆತ ಎಲ್ಲ ಗೆದ್ದು 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ. ಮನಸ್ಸಿದ್ದರೆ ಮಾರ್ಗ. ನೆಗೆಟಿವ್ ಯೋಚನೆ ಬಿಡಿ ಸಾರ್.

ಸಾಗರದಕ್ಕ | ಸೋಮವಾರ, ಬೆಳಿಗ್ಗೆ 8:02

ತಮ್ಮಾ, ಅವರ ಬಗ್ಗೆ ನನಗೆ ನಿನಗಿಂತ ಹೆಚ್ಚು ಹೆಮ್ಮೆ ಇದೆ, ಅವರ ಫೋಟೋ ಕತ್ತರಿಸಿ ಡೈರಿಯಲ್ಲಿ ಅಂಟಿಸ್ಕೊಂಡವಳು ನಾನು. ಆದ್ರೆ ಕಾಲು ಸರಿ ಇದ್ದವರಿಗೆ ಯಾರೂ ‘ಉಸೇನ್ ಬೋಲ್ಟ್ ನೋಡು, ಸುಸ್ತು ಅನ್ಬೇಡ’ ಅನ್ನಲ್ಲ. ಮೇಷ್ಟ್ರು ನಲವತ್ತು ವರ್ಷ ನೀನು ಹೇಳಿದ್ದನ್ನೇ ಮಾಡಿದ್ದಾರೆ, ಇನ್ನೊಂದ್ಸಲ ಓದು.

ಮತ್ತೆ ಈ ದಿವ್ಯಾಂಗ ಅನ್ನೋದು. ನಂಗೆ ಅದು ಹಿಡಿಸಲ್ಲ. ಅಂಗವಿಕಲೆ ಅಂದ್ರೂ ಸರಿ. ಇಷ್ಟ ಪಡೋರು ಇದ್ದಾರೆ, ಅವರಿಗೆ ಹಾಗೇ ಕರೀರಿ. ನನ್ನ ಕಾಲಲ್ಲಿ ದಿವ್ಯವಾದ್ದು ಎಂತ ಇದೆ ಅಂತ ಮಳೆಗಾಲದ ರಾತ್ರಿ ಬಂದು ಮುಟ್ಟಿ ನೋಡು, ಐಸ್ ಇದ್ದಂಗೆ ಇರುತ್ತೆ.

ಫಿಸಿಯೋ ಕೊಠಡಿ | ಸೋಮವಾರ, ಮಧ್ಯಾಹ್ನ 2:30

ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿ 22 ವರ್ಷ. ಕಾಲಿನ ಬಗ್ಗೆ ಕೇಳ್ತಿಲ್ಲ ಅಂದಿದ್ದೀರಿ, ಆದರೆ ಕಾಲಿನ ವಿಷಯ ಗೊತ್ತಾದರೆ ಸಿಟ್ಟಿನ ವಿಷಯ ಸ್ವಲ್ಪ ತಿಳಿಯಾಗುತ್ತೆ ಅಂತ ಬರೀತಿದ್ದೀನಿ.

ಪೋಲಿಯೋ ವೈರಸ್ ಹೊಕ್ಕ ಹೆಚ್ಚಿನ ಮಕ್ಕಳಿಗೆ ಏನೂ ಆಗ್ತಿರಲಿಲ್ಲ. ಸುಮಾರು 200ರಲ್ಲಿ ಒಬ್ಬರಿಗೆ ಅದು ಬೆನ್ನುಹುರಿಗೆ ಇಳಿದು, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಂದುಹಾಕ್ತಿತ್ತು. ಸ್ಪರ್ಶದ ನರಗಳಿಗೆ ತೊಂದರೆ ಇಲ್ಲ, ಅದಕ್ಕೇ ಅಕ್ಕನಿಗೆ ಚಳಿ ಚೆನ್ನಾಗಿ ಗೊತ್ತಾಗೋದು. ಈಗ ತೋಟದ ಲೆಕ್ಕದಲ್ಲಿ ನೋಡಿ. ಹತ್ತು ಆಳಲ್ಲಿ ಆರು ಜನ ಒಂದೇ ದಿನ ಬಿಟ್ಟುಹೋದರು. ಉಳಿದ ನಾಲ್ವರು ಅವರ ಪಾಲಿನ ಮರಗಳನ್ನೂ ಹಂಚಿಕೊಂಡರು. ಬದುಕುಳಿದ ನರಕೋಶಗಳೂ ಹಾಗೇ ಹೊಸ ಕವಲು ಚಾಚಿ ಅನಾಥವಾದ ಸ್ನಾಯುಗಳನ್ನು ಹಿಡ್ಕೊಳ್ತವೆ. ನಿಮ್ಮ ಕಾಲಿಗೆ ಬಂದ ಶಕ್ತಿ ಆ ಓವರ್‌ಟೈಮಿಂದ ಬಂದಿದ್ದು. ಮೂವತ್ತು ನಲವತ್ತು ವರ್ಷ ದುಡಿದ ಆಳುಗಳು ಈಗ ಒಬ್ಬೊಬ್ಬರೇ ಕೂರ್ತಿದ್ದಾರೆ. ವೈರಸ್ ಮತ್ತೆ ಎದ್ದಿಲ್ಲ, ಯಾರಿಗೂ ಅಂಟೋದೂ ಇಲ್ಲ. ಒಳ್ಳೇ ಕಾಲು ಅಂದುಕೊಂಡಿದ್ದರಲ್ಲೂ ಒಂದಿಬ್ಬರು ಆಳು ಅವತ್ತೇ ಹೋಗಿರ್ತಾರೆ, ಗೊತ್ತಾಗಿರಲ್ಲ.

ಇನ್ನು ನಾನು ಕಂಡದ್ದು. ಚಿಕ್ಕಂದಿನಲ್ಲಿ ನಿಮಗೆಲ್ಲ ಹೇಳಿದ್ದು ಒಂದೇ ಮಾತು: ಕಷ್ಟಪಟ್ಟಷ್ಟೂ ಕಾಲು ಬರುತ್ತೆ. ಅದನ್ನೇ ನಂಬಿ ಬದುಕು ಕಟ್ಟಿದವರಿಗೆ ಈಗ ನಾನು ‘ಕಷ್ಟಪಡಬೇಡಿ, ಕೂತ್ಕೊಳ್ಳಿ, ದಣಿಯೋಕೆ ಮೊದಲೇ ನಿಲ್ಲಿಸಿ’ ಅಂತ ಹೇಳ್ಬೇಕು. ಜಿದ್ದಿಗೆ ಬಿದ್ದು ವ್ಯಾಯಾಮ ಮಾಡಿದರೆ ಇಲ್ಲಿ ಪರಿಣಾಮ ಉಲ್ಟಾ. ನನ್ನ ಹತ್ತಿರ ಬರುವ ಪೋಲಿಯೋದವರು ಬೇರೆ ರೋಗಿಗಳ ತರ ಅಲ್ಲ, ಹೇಳಿದ್ದಕ್ಕಿಂತ ಎರಡರಷ್ಟು ಮಾಡಿ ಬರ್ತಾರೆ, ಕಡಿಮೆ ಮಾಡಿ ಅಂದರೆ ಮುಖ ಬಾಡುತ್ತೆ. ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ‘ನನ್ನನ್ನು ಸೋಲು ಅಂತೀರಾ’ ಅಂತ ಎದ್ದೇ ಹೋದರು. ಮೂರು ತಿಂಗಳ ಮೇಲೆ ಸೊಂಟ ಮುರ್ಕೊಂಡು ಬಂದರು.

ಒಂದು ಸಣ್ಣ ಮಾತು: ಈಗಿನ ಕ್ಯಾಲಿಪರ್ ಪ್ಲಾಸ್ಟಿಕ್ಕಿಂದು, ಪ್ಯಾಂಟಿನ ಒಳಗೆ ಹೋಗುತ್ತೆ. ಬೂಷ್ಟು ಹಿಡಿಯಲ್ಲ. ಮತ್ತೆ ಯಾವುದೇ ಆಪರೇಶನ್ ಆದರೂ ಅರಿವಳಿಕೆ ಡಾಕ್ಟರಿಗೆ ಪೋಲಿಯೋ ವಿಷಯ ಮರೀದೆ ಹೇಳಿ.

ಮಳೆಹನಿ | ಸೋಮವಾರ, ರಾತ್ರಿ 9:05

ಪೋಲಿಯೋ ನನಗಲ್ಲ, ಅಣ್ಣನಿಗೆ. ನಾಲ್ಕು ವರ್ಷದವನಿದ್ದಾಗ, ಹೊಸನಗರದ ಹತ್ತಿರ. ಅಮ್ಮನಿಗೆ ಈಗ 81. ಜ್ವರ ಬಂದ ಅಣ್ಣನನ್ನು ಎತ್ಕೊಂಡು ಹೋಗಿ ಸೂಜಿ ಹಾಕಿಸಿದ್ದು ಅವಳೇ. ಮಾರನೇ ದಿನ ಸೂಜಿ ಚುಚ್ಚಿದ ಕಾಲೇ ಹೋಯ್ತು. ಅವಳ ಲೆಕ್ಕದಲ್ಲಿ ಸೂಜಿಯಿಂದಲೇ ಹೋಯ್ತು. ಸಿಗಂದೂರಿಗೆ ಬೆಳ್ಳಿ ಕಾಲು ಹರಕೆ ಹೊತ್ತು ಲಾಂಚಲ್ಲಿ ಕರ್ಕೊಂಡು ಹೋಗಿದ್ಲು. ಈಗ ಅಲ್ಲಿ ಸೇತುವೆಯೇ ಬಂತು, ಅವಳು ಮಾತ್ರ ಅಲ್ಲೇ ಇದ್ದಾಳೆ. ಮನೇಲಿ ಯಾವ ಮಗುವಿಗೆ ಇಂಜೆಕ್ಷನ್ ಅಂದ್ರೂ ಎದ್ದು ಹಿತ್ತಲಿಗೆ ಹೋಗ್ತಾಳೆ. ಅಣ್ಣ ಪುಣೆಯಲ್ಲಿ ಆರಾಮಾಗಿದ್ದಾನೆ. ಫಿಸಿಯೋ ಸಾರ್, ನಿಜಕ್ಕೂ ಸೂಜಿಯಿಂದ ಆಗುತ್ತಾ?

ಫಿಸಿಯೋ ಕೊಠಡಿ | ಸೋಮವಾರ, ರಾತ್ರಿ 10:10

ಸೂಜಿ ಪೋಲಿಯೋ ತರಲ್ಲ. ಆ ಜ್ವರವೇ ಪೋಲಿಯೋ, ವೈರಸ್ ಆಗಲೇ ಒಳಗಿತ್ತು. ಆದರೆ ಅಂಥ ಹೊತ್ತಲ್ಲಿ ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟರೆ ಆ ಕಾಲಿಗೆ ಲಕ್ವ ಹೊಡೆಯುವ ಸಾಧ್ಯತೆ ಹೆಚ್ಚುತ್ತೆ ಅನ್ನೋದು ನಿಜ, ವೈದ್ಯಶಾಸ್ತ್ರದಲ್ಲಿ ದಾಖಲಾಗಿದೆ. ಆಗ ಯಾವ ಜ್ವರಕ್ಕೂ ಸೂಜಿ ಚುಚ್ಚೋದೇ ರೂಢಿ. ಇವತ್ತು ಮಕ್ಕಳಿಗೆ ಹಾಕುವ ಲಸಿಕೆಗೆ ಇದನ್ನು ಯಾರೂ ತಳಕು ಹಾಕಬೇಡಿ. ನಿಮ್ಮಮ್ಮ ಮಾಡಿದ್ದು ಜ್ವರದ ಮಗುವನ್ನು ಎತ್ಕೊಂಡು ಡಾಕ್ಟರ ಹತ್ತಿರ ಓಡಿದ್ದು. ಇನ್ನೇನು ಮಾಡ್ಬೇಕಿತ್ತು?

ಸಾಗರದಕ್ಕ | ಸೋಮವಾರ, ರಾತ್ರಿ 10:22

ಅಮ್ಮನಿಗೆ ಮೊದಲ ಎರಡು ವಾಕ್ಯ ಹೇಳಿ ಸಾಕು. ಮೂರನೇದು 81ನೇ ವಯಸ್ಸಿಗೆ ಬೇಡ.

ಆಯುರ್ ಎಣ್ಣೆ ಮಲೆನಾಡು | ಸೋಮವಾರ, ರಾತ್ರಿ 10:40

[ಈ ಬರಹ ತೆಗೆಯಲಾಗಿದೆ. ಸತ್ತ ನರ ಎಬ್ಬಿಸುವ ಎಣ್ಣೆ ಇಲ್ಲಿ ಮಾರಬೇಡಿ. ಇನ್ನೊಂದ್ಸಲ ಹಾಕಿದ್ರೆ ಖಾತೆ ಬಂದ್. ನಿರ್ವಾಹಕ]

ಸಂಕದಾಚೆ | ಮಂಗಳವಾರ, ಸಂಜೆ 6:30

ಎಲ್ಲ ಎರಡೆರಡು ಸಲ ಓದಿದೆ. ಆಳುಗಳ ಲೆಕ್ಕ ಹೆಂಡತಿಗೂ ಓದಿ ಹೇಳಿದೆ. ‘ಹಾಗಾದ್ರೆ ಉಳಿದ ಆಳಿಗೆ ಕೂಲಿ ಜಾಸ್ತಿ ಮಾಡಿ’ ಅಂದಳು.

ಡಾಕ್ಟರು ‘ಪೋಲಿಯೋ ಹೋಯ್ತಲ್ಲ’ ಅಂದಾಗ ಯಾಕೆ ಅಷ್ಟು ಚುಚ್ಚಿತು ಅಂತ ನಿನ್ನೆ ರಾತ್ರಿ ಯೋಚನೆ ಮಾಡ್ತಿದ್ದೆ. 1995ರ ಡಿಸೆಂಬರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಬೂತ್ ಡ್ಯೂಟಿಗೆ ನನ್ನನ್ನೇ ಹಾಕಿದರು, ‘ನೀವಿದ್ರೆ ಜನಕ್ಕೆ ಬೇಗ ಅರ್ಥ ಆಗುತ್ತೆ ಮೇಷ್ಟ್ರೇ’ ಅಂತ. ಅದರಲ್ಲಿ ತಪ್ಪು ಅನ್ನಿಸಲಿಲ್ಲ. ಐಸ್ ತುಂಬಿದ ಡಬ್ಬಿ, ಎರಡು ಹನಿ, ಆಮೇಲಿನ ವರ್ಷಗಳಲ್ಲಿ ಎಡಗೈ ಕಿರುಬೆರಳಿಗೆ ಶಾಯಿ. ಮಗು ಬಾಯಿ ಬಿಡದೆ ಹಟ ಮಾಡಿದರೆ ತಾಯಂದಿರು ನನ್ನ ಕಡೆ ತೋರಿಸೋರು: ‘ಹನಿ ಕುಡೀದಿದ್ರೆ ನೋಡು, ಈ ಮೇಷ್ಟ್ರ ತರ ಆಗ್ತೀಯ.’ ಮಗು ನನ್ನ ಕಾಲು ನೋಡೋದು, ಬಾಯಿ ಬಿಡೋದು. ನಾನು ನಗ್ತಾ ತಲೆ ಆಡಿಸೋನು. ಹೌದು ಪುಟ್ಟ, ಹೀಗೇ ಆಗ್ತೀಯ. ಹದಿನೈದು ವರ್ಷಕ್ಕೂ ಹೆಚ್ಚು ಹಾಗೆ ತಲೆ ಆಡಿಸಿದೆ.

2011ರ ಜನವರಿಯಲ್ಲಿ ಹೌರಾದ ಒಂದು ಹೆಣ್ಣುಮಗುವಿಗೆ ಬಂದದ್ದೇ ದೇಶದ ಕಡೇ ಕೇಸು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ಶಾಲೆಯಲ್ಲಿ ನಾನೇ ಸಿಹಿ ಹಂಚಿದೆ. ಖುಷಿ ನಿಜವಾದದ್ದೇ, ಆ ಹನಿಗಳನ್ನು ಹಾಕಿದ ಕೈ ನನ್ನದೂ ಹೌದು. ಆದರೆ ಮನೆಗೆ ಬಂದು ಬಚ್ಚಲಲ್ಲಿ ಕಾಲಿಗೆ ಬಿಸಿನೀರು ಹಾಕ್ಕೊಳ್ಳುವಾಗ ಒಂಥರಾ ಆಯ್ತು. ಜಾತ್ರೆ ಮುಗಿದು ಚಪ್ಪರ ಕಿತ್ತಿದ್ದಾರೆ, ನನ್ನನ್ನು ಕರ್ಕೊಂಡು ಹೋಗೋದು ಮರೆತಿದ್ದಾರೆ ಅನ್ನೋ ಹಾಗೆ.

ಈ ಮಾತು ಯಾರಿಗೂ ಹೇಳಿರಲಿಲ್ಲ.

ಉಕ್ಕಿನೂರು | ಮಂಗಳವಾರ, ರಾತ್ರಿ 8:50

ಭದ್ರಾವತಿಯಿಂದ ಮೇಷ್ಟ್ರೇ. ಮೋಟರ್ ರಿವೈಂಡಿಂಗ್ ಅಂಗಡಿ ನಂದು. ಬರೆಯೋದು ಬರಲ್ಲ, ಫೋನಿಗೆ ಹೇಳಿ ಟೈಪ್ ಮಾಡಿಸ್ತಿದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಂಗೆ ಬಲಗಾಲು. ನಮ್ಮಜ್ಜಿ ಹೊಳೆದಂಡೆ ಮರಳಲ್ಲಿ ಗುಂಡಿ ತೋಡಿ ಸೊಂಟದ ತನಕ ಹೂತು ನಿಲ್ಲಿಸ್ತಿದ್ಲು, ಬಿಸಿಲು ಏರೋ ತನಕ. ಕಾಲು ನೆಟ್ಟಗಾಗಲಿ ಅಂತ. ಬೇರೆ ಹುಡುಗರು ಸುತ್ತ ಆಡ್ತಿದ್ರು, ನಾನು ಗಿಡದ ತರ ನಿಂತಿರ್ತಿದ್ದೆ. ಅದು ಬೇಜಾರಿಲ್ಲ, ಅಜ್ಜಿ ಪಕ್ಕದಲ್ಲೇ ಕೂತು ಕಡ್ಲೆ ಸುಲಿದು ಕೊಡ್ತಿದ್ಲು. ಬೇಜಾರಾಗಿದ್ದು ಏಳನೇ ವರ್ಷಕ್ಕೆ ಬೆಂಗಳೂರಲ್ಲಿ ಆಪರೇಶನ್ ಆದಾಗ. ಎರಡು ತಿಂಗಳು ವಾರ್ಡಲ್ಲಿ ಒಬ್ನೇ. ಅಪ್ಪ ಫ್ಯಾಕ್ಟರಿ ರಜಾ ಸಿಕ್ಕಾಗ ಬರೋನು. ಅತ್ರೆ ಅಪ್ಪನಿಗೆ ಹೇಳ್ತೀವಿ ಬರ್ಬೇಡ ಅಂತ, ಅಂತ ಹೆದರಿಸ್ತಿದ್ರು. ಅಳೋದು ಅಲ್ಲೇ ನಿಂತಿದ್ದು. ಅಪ್ಪ ಸತ್ತಾಗ್ಲೂ ಬರಲಿಲ್ಲ. ಮೊನ್ನೆ ಮಗಳ ಮದುವೇಲಿ ಧಾರೆ ಎರೆಯುವಾಗ ಎಲ್ಲ ಅಳ್ತಿದ್ರು, ನಾನು ಫ್ಯಾನ್ ನೋಡ್ತಿದ್ದೆ, ಬೇರಿಂಗ್ ಹೋಗಿದೆ ಅಂತ. ಹೆಂಡ್ತಿ ಇನ್ನೂ ಬಯ್ತಾಳೆ. ನೀವು ಬಸ್‌ಸ್ಟ್ಯಾಂಡಲ್ಲಿ ಅತ್ತಿದ್ದು ಓದಿ ನಂಗೆ ಹೊಟ್ಟೆಕಿಚ್ಚಾಯ್ತು ಅಂದ್ರೆ ನಂಬ್ತೀರಾ.

ಮನೆಯಂಗಳ | ಬುಧವಾರ, ಬೆಳಿಗ್ಗೆ 11:00

ಆಪ್ತ ಸಮಾಲೋಚಕಿ ನಾನು, ಚಿಕ್ಕದಾಗಿ ಹೇಳ್ತೀನಿ. ಪೋಲಿಯೋ ಬಂದವರೆಲ್ಲ ಖಿನ್ನತೆಯಲ್ಲಿರ್ತಾರೆ ಅಂತ ತಿಳಿಯಬೇಡಿ, ತುಂಬ ಜನ ಚೆನ್ನಾಗೇ ಬದುಕ್ತಾರೆ. ಆದರೆ ಮೊದಲ ಸಲ ಕಾಲು ಹೋದಾಗ ದುಃಖ ಪಡೋಕೆ ನಿಮಗೆ ವಯಸ್ಸೂ ಇರಲಿಲ್ಲ, ಯಾರೂ ಬಿಡಲೂ ಇಲ್ಲ. ಎರಡನೇ ಸಲ ಹೋಗುವಾಗ ಎರಡರ ಅಳುವೂ ಒಟ್ಟಿಗೆ ಬರುತ್ತೆ. ಬರಲಿ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಆದರೆ, ಬದುಕೇ ಬೇಡ ಅನ್ನಿಸಿದರೆ ಮಾತ್ರ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮಳೆಹನಿ | ಬುಧವಾರ, ರಾತ್ರಿ 9:30

ಅಕ್ಕ ಹೇಳಿದ ಹಾಗೆ ಅಮ್ಮನಿಗೆ ಎರಡೇ ವಾಕ್ಯ ಹೇಳಿದೆ. ಸೂಜಿ ಪೋಲಿಯೋ ತರಲ್ಲ ಅಮ್ಮ, ಆ ಜ್ವರವೇ ಪೋಲಿಯೋ. ಸುಮಾರು ಹೊತ್ತು ಹೂಬತ್ತಿ ಹೊಸೀತಾ ಕೂತಿದ್ಲು. ಆಮೇಲೆ ‘ಅವನಿಗೆ ಫೋನ್ ಮಾಡಿ ಹೇಳು’ ಅಂದ್ಲು. ಅಣ್ಣ ಅವಳನ್ನ ಒಂದು ದಿನವೂ ದೂರಿದವನಲ್ಲ.

ಮಾಡಿದೆ. ಅಣ್ಣ ಕೇಳಿ ಸುಮ್ಮನಾದ. ಆಮೇಲೆ ಹೇಳ್ತಾನೆ, ನಾನು ಇಷ್ಟು ವರ್ಷ ಅಂದ್ಕೊಂಡಿದ್ದು ಬೇರೆ ಅಂತ. ಜ್ವರ ಬರೋ ಹಿಂದಿನ ದಿನ ಅಮ್ಮ ಬೇಡ ಅಂದ್ರೂ ಕೇಳದೆ ಹಳ್ಳದ ನೀರಲ್ಲಿ ಆಡಿದ್ನಂತೆ. ಹೇಳಿದ ಮಾತು ಕೇಳದ್ದಕ್ಕೆ ಕಾಲು ಹೋಯ್ತು ಅಂತ. ಅದನ್ನ ಅಮ್ಮನಿಗೆ ಗೊತ್ತಾಗಬಾರದು ಅಂತ ಬಚ್ಚಿಟ್ಟಿದ್ನಂತೆ. ಅವನಿಗೀಗ 57, ಮೊಮ್ಮಗು ಇದೆ.

ಇಬ್ಬರಿಗೂ ಲೈನ್ ಕೊಟ್ಟು ನಾನು ಅಡಿಗೆಮನೆಗೆ ಹೋದೆ. ಏನು ಮಾತಾಡಿದ್ರೋ ಗೊತ್ತಿಲ್ಲ. ಅಮ್ಮ ಹಿತ್ತಲಿಗೆ ಮಾತ್ರ ಹೋಗ್ಲಿಲ್ಲ.

ಹೊಸನಗರ ಹುಡುಗ | ಬುಧವಾರ, ರಾತ್ರಿ 9:52

ಅಕ್ಕ, ಸಾರ್, ಮೊನ್ನೆ ಬರೆದದ್ದಕ್ಕೆ ಕ್ಷಮಿಸಿ. ನಮ್ಮ ದೊಡ್ಡಪ್ಪನಿಗೂ ಪೋಲಿಯೋ. ಇವತ್ತು ಮೊದಲ ಸಲ ಅವರ ಹತ್ತಿರ ಕೇಳಿದೆ. ಎರಡು ಗಂಟೆ ಮಾತಾಡಿದ್ರು.

ಉಕ್ಕಿನೂರು | ಗುರುವಾರ, ಬೆಳಿಗ್ಗೆ 6:40

ಮೇಷ್ಟ್ರೇ ರಾತ್ರಿ ಒಂದು ವಿಷಯ ಹೊಳೀತು. ನಿಮಗೆ ಎಡ 5, ಬಲ 8 ಅಂದ್ರಲ್ಲ. ನಂಗೆ ಬಲ 5, ಎಡ 8. ನಿಮ್ಮ ಅಟ್ಟದ ಚೀಲದಲ್ಲಿ ಇರೋದು ಎಡ 8, ಬಲ 5 ತಾನೇ? ಅವೆಲ್ಲ ನನ್ನ ಜೊತೆಗಳಲ್ವಾ ಮಾರಾಯ್ರೇ! ನನ್ನ ಹತ್ರ ಉಳಿದದ್ದನ್ನ ಎಲ್ಲ ಎಸೆದಿದ್ದೀನಿ, ಈಗ ಸಂಕಟ ಆಗ್ತಿದೆ. ಹಿಂದೆ ಪಟ್ಟಿ ಇದ್ಯಾ? ಹವಾಯಿ ಆದ್ರೆ ಬೇಡ, ಬೆರಳು ಹಿಡಿಯಲ್ಲ, ಜಾರಿ ಹೋಗುತ್ತೆ.

ಸಂಕದಾಚೆ | ಗುರುವಾರ, ಬೆಳಿಗ್ಗೆ 7:25

ಎಲ್ಲಕ್ಕೂ ಹಿಂದೆ ಪಟ್ಟಿ, ಬಕಲ್ ಇದೆ. ನನಗೂ ಹವಾಯಿ ನಿಲ್ಲಲ್ಲ. ಹಳೇ ಎರಡು ಮೂರರ ಸೋಲ್ ಬಿರುಕು ಬಿಟ್ಟಿರಬಹುದು, ಒಂದು ಜೊತೆಗೆ ಇಲಿ ಬಾಯಿ ಹಾಕಿದೆ. ಏಳು ಜೊತೆ ಗಟ್ಟಿ ಇವೆ. ಹೆಂಡತಿ ಒರೆಸಿ ಬಿಸಿಲಿಗೆ ಇಡ್ತಿದ್ದಾಳೆ, ಬಿಸಿಲೆಲ್ಲಿದೆ ಇಲ್ಲಿ.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಶಿವಮೊಗ್ಗಕ್ಕೆ ಬರ್ತೀನಿ. ಹೇಗೂ ಕ್ಯಾಲಿಪರಿಗೆ ಅಳತೆ ಕೊಡ್ಬೇಕು. ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡಲ್ಲಿ ಮೂರು ಗಂಟೆಗೆ ಸಿಗೋಣ. ಗುರುತು ಹಿಡಿಯೋದು ಕಷ್ಟ ಆಗಲ್ಲ.

ಉಕ್ಕಿನೂರು | ಗುರುವಾರ, ಬೆಳಿಗ್ಗೆ 7:31

ಬರ್ತೀನಿ. 5 ನಂಗೆ ಸ್ವಲ್ಪ ಬಿಗಿ, ಸಾಕ್ಸ್ ಇಲ್ದೆ ಹೋಗುತ್ತೆ. ದುಡ್ಡು ಎಷ್ಟು ಅಂತ ಈಗ್ಲೇ ಹೇಳಿ, ಆಮೇಲೆ ಬೇಡ ಅನ್ಬೇಡಿ.

ಸಂಕದಾಚೆ | ಗುರುವಾರ, ಬೆಳಿಗ್ಗೆ 7:40

ನನ್ನ ಅಂಗಳದಲ್ಲಿ ಬಿದ್ದಿರೋ ಕೋಲಿನ ತುದಿಗೆ ರಬ್ಬರ್ ಬುಷ್ ಬೇಕು. ಪಾಚಿ ಮೇಲೆ ಜಾರುತ್ತೆ. ನಿಮ್ಮ ಅಂಗಡಿಯಲ್ಲಿ ಸಿಗುತ್ತಾ? ಮುಕ್ಕಾಲು ಇಂಚು.